ಬೆಳ್ಳಿ ಶಾಯಿಯ ಗೆರೆಯಲ್ಲಿ ಹರಿಯುವ ವಿದ್ಯುತ್ತು

ಮುಂಬಯಿ: ಉಪನಗರದ ಕನ್ನಡ ಸಂಘವೊಂದು ಏರ್ಪಡಿಸಿದ್ದ ಉಚಿತ ಆರೋಗ್ಯ ತಪಾಸಣಾ ಶಿಬಿರದಲ್ಲಿ ಆ ಭಾನುವಾರ ನಾನೂ ಸ್ವಯಂಸೇವಕನಾಗಿ ಕುಳಿತಿದ್ದೆ. ರಕ್ತದೊತ್ತಡ, ತೂಕ, ಕಣ್ಣು ಪರೀಕ್ಷೆಯ ಮೇಜುಗಳ ಮುಂದೆ ಅಷ್ಟೇನೂ ಜನಸಂದಣಿ ಇರಲಿಲ್ಲ. ಉದ್ದನೆಯ ಸಾಲು ಇದ್ದುದು ಸಕ್ಕರೆ ಕಾಯಿಲೆಯ ಪರೀಕ್ಷೆಗೆ. ಹನ್ನೊಂದು ಗಂಟೆಯಾಗುವಷ್ಟರಲ್ಲಿ ಪರೀಕ್ಷಾ ಪಟ್ಟಿಗಳ ಡಬ್ಬಿ ಖಾಲಿಯಾಯಿತು. ವೈದ್ಯರಿದ್ದರು, ಯಂತ್ರವಿತ್ತು, ಸೂಜಿ, ಹತ್ತಿ ಎಲ್ಲವೂ ಇದ್ದವು. ಇಲ್ಲದ್ದು ಒಂದೇ, ಕಿರುಬೆರಳಿಗಿಂತಲೂ ಚಿಕ್ಕದಾದ ಆ ಪಟ್ಟಿ. ಬೆಳಗಿನ ತಿಂಡಿಯನ್ನೂ ಮಾಡದೆ ಕಾದಿದ್ದ ಸುಮಾರು ಮೂವತ್ತು ಮಂದಿಯನ್ನು ಕೈಮುಗಿದು ಹಿಂದೆ ಕಳುಹಿಸಬೇಕಾಯಿತು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದ ಕ್ಯಾಂಟೀನ್ ಕಾರ್ಮಿಕರೊಬ್ಬರು, "ಮುಂದಿನ ಸಲ ರಜೆ ಸಿಗುತ್ತದೋ ಇಲ್ಲವೋ" ಎಂದು ಹೇಳಿ ಹೊರಟುಹೋದರು.

ಈ ಗಡಿಬಿಡಿಯ ನಡುವೆ ಸಂಘದ ಹಿರಿಯ ಸದಸ್ಯರೊಬ್ಬರು ತಮ್ಮ ಪರೀಕ್ಷೆಯಾದ ಪಟ್ಟಿಯನ್ನು ಕನ್ನಡಕ ಮೇಲೆತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಗಿರ್‌ಗಾಂವ್‌ನಲ್ಲಿ ಮೂವತ್ತು ವರ್ಷ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ನಡೆಸಿದವರು ಅವರು. ನಮ್ಮವರ ಎಷ್ಟೋ ಮದುವೆಗಳ ಆಮಂತ್ರಣ ಪತ್ರಿಕೆಗಳು, ಯಕ್ಷಗಾನದ ಕರಪತ್ರಗಳು ಅವರ ಕೈಯಿಂದಲೇ ಅಚ್ಚಾದವು. "ಇದು ಸ್ಕ್ರೀನ್‌ನಲ್ಲಿ ಹೊಡೆದದ್ದು ಮಾರಾಯ್ರೆ, ಗೆರೆಯ ಅಂಚು ನೋಡಿ. ಇದು ನಮ್ಮ ಕೆಲಸವೇ" ಎಂದರು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದು ಓದಿ ನೋಡಿದಾಗ ಹಿರಿಯರು ಹೇಳಿದ್ದು ಅಕ್ಷರಶಃ ನಿಜವೆಂದು ತಿಳಿಯಿತು. ಆ ಓದಿನ ಫಲವೇ ಈ ಲೇಖನ.

ಅಚ್ಚಾದ ಪಟ್ಟಿಯ ಕಥೆ

ಮನೆಯಲ್ಲೇ ಬೆರಳು ಚುಚ್ಚಿ ಸಕ್ಕರೆ ಅಳೆಯುವ ಇಂದಿನ ಪದ್ಧತಿಗೆ ದಾರಿ ತೆರೆದದ್ದು 1987ರಲ್ಲಿ ಮೆಡಿಸೆನ್ಸ್ ಎಂಬ ಕಂಪೆನಿ ಮಾರುಕಟ್ಟೆಗೆ ತಂದ ಪೆನ್ನಿನಾಕಾರದ ಸಾಧನ. ಅದರ ಹಿಂದೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕ್ರಾನ್‌ಫೀಲ್ಡ್ ವಿಜ್ಞಾನಿಗಳ ಸಂಶೋಧನೆ ಇತ್ತು. ಪಟ್ಟಿಯ ಮೇಲಿನ ಕಿಣ್ವವೊಂದು ರಕ್ತದ ಗ್ಲೂಕೋಸಿನೊಡನೆ ವರ್ತಿಸಿದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಪಟ್ಟಿಯ ಮೇಲಿನ ಗೆರೆಗಳು ಆ ಸೂಕ್ಷ್ಮ ವಿದ್ಯುತ್ತನ್ನು ಯಂತ್ರಕ್ಕೆ ಮುಟ್ಟಿಸುತ್ತವೆ. ಸಕ್ಕರೆ ಹೆಚ್ಚಿದ್ದರೆ ವಿದ್ಯುತ್ತೂ ಹೆಚ್ಚು. ಯಂತ್ರವು ಅದನ್ನು ಅಂಕಿಯಾಗಿ ತೋರಿಸುತ್ತದೆ. ಅನೇಕ ಪಟ್ಟಿಗಳಲ್ಲಿ ಈ ಗೆರೆಗಳನ್ನು ಇಂಗಾಲ ಮತ್ತು ಬೆಳ್ಳಿ ಬೆರೆಸಿದ ಶಾಯಿಯಿಂದ ಸ್ಕ್ರೀನ್ ಮುದ್ರಣದಲ್ಲೇ ಅಚ್ಚು ಹಾಕುತ್ತಾರೆ. ಪ್ರತಿ ಬಾರಿಯೂ ಎಸೆಯಬೇಕಾದ ವಸ್ತು ಅಗ್ಗವಾಗಿರಬೇಕಾದರೆ ಅದನ್ನು ಒಂದೊಂದಾಗಿ ಜೋಡಿಸಲಾಗದು, ಪತ್ರಿಕೆಯಂತೆ ಹಾಳೆಹಾಳೆಯಾಗಿ ಅಚ್ಚು ಹಾಕಲೇಬೇಕು.

ನಾವು ಗಮನಿಸದಿದ್ದರೂ ಇಂಥ ಶಾಯಿ ನಮ್ಮ ಸುತ್ತಮುತ್ತ ಬೇಕಾದಷ್ಟಿದೆ. ಕಾರಿನ ಹಿಂಬದಿ ಗಾಜಿನ ಮೇಲಿನ ಮಂಜು ಕರಗಿಸುವ ಕಂದು ಗೆರೆಗಳು ಅಚ್ಚಾದ ಬೆಳ್ಳಿಯವು. ಕಂಪ್ಯೂಟರಿನ ಸಾಮಾನ್ಯ ಕೀಲಿಮಣೆ ಬಿಚ್ಚಿದರೆ ಒಳಗೆ ತೆಳು ಪ್ಲಾಸ್ಟಿಕ್ ಹಾಳೆಗಳ ಮೇಲೆ ಬೂದು ಬಣ್ಣದ ಗೆರೆಗಳು ಕಾಣುತ್ತವೆ. ಅವೂ ಬೆಳ್ಳಿ ಶಾಯಿಯ ಮುದ್ರಣವೇ. ಸಿಲಿಕಾನ್ ಸೌರಕೋಶದ ಮೇಲೆ ಹೊಳೆಯುವ ಸಣ್ಣ ಗೆರೆಗಳನ್ನೂ ಬೆಳ್ಳಿಯ ಲೇಪದಿಂದ ಸ್ಕ್ರೀನ್‌ನಲ್ಲೇ ಹೊಡೆಯುತ್ತಾರೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ಇರುವುದು ನಮಗೆಲ್ಲ ಹೆಮ್ಮೆಯ ವಿಷಯ. ಬಿಸಿಲನ್ನು ವಿದ್ಯುತ್ತಾಗಿಸುವ ಅಂಥ ಫಲಕಗಳ ಹಿಂದೆಯೂ ಮುದ್ರಕನ ವಿದ್ಯೆ ಅಡಗಿದೆ ಎನ್ನುವುದು ಹೆಚ್ಚಿನವರಿಗೆ ತಿಳಿದಿಲ್ಲ.

ವಾಹಕ ಶಾಯಿ ಎಂದರೇನು?

ಸಾಮಾನ್ಯ ಶಾಯಿಯಲ್ಲಿ ಬಣ್ಣದ ಪುಡಿ, ಅದನ್ನು ಕಾಗದಕ್ಕೆ ಅಂಟಿಸುವ ಅಂಟು, ಎರಡನ್ನೂ ತೆಳುವಾಗಿಸುವ ದ್ರಾವಕ ಇರುತ್ತವೆ. ವಾಹಕ ಶಾಯಿಯಲ್ಲಿ ಬಣ್ಣದ ಪುಡಿಯ ಬದಲು ಲೋಹದ ಪುಡಿ ಇರುತ್ತದೆ. ಹಾಗೆಂದು ಒಂದಿಷ್ಟು ಬೆಳ್ಳಿಪುಡಿ ಬೆರೆಸಿದ ಮಾತ್ರಕ್ಕೆ ವಿದ್ಯುತ್ತು ಹರಿಯುವುದಿಲ್ಲ. ಇದನ್ನು ನಮ್ಮ ಬೆಸ್ಟ್ ಬಸ್ಸಿನ ಉದಾಹರಣೆಯಿಂದ ತಿಳಿಯಬಹುದು. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಲ್ಲಿ ನಿಂತವನು ಕೊಟ್ಟ ಚಿಲ್ಲರೆ ಕೈಯಿಂದ ಕೈಗೆ ದಾಟಿ ಕಂಡಕ್ಟರನನ್ನು ಮುಟ್ಟುತ್ತದೆ. ಬಸ್ಸಿನಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಕುಳಿತಿದ್ದರೆ ಚಿಲ್ಲರೆ ದಾಟುವುದಿಲ್ಲ. ಶಾಯಿಯಲ್ಲೂ ಹಾಗೆಯೇ. ಲೋಹದ ಕಣಗಳು ಒಂದನ್ನೊಂದು ಮುಟ್ಟುವಷ್ಟು ದಟ್ಟವಾದಾಗ ಮಾತ್ರ ಗೆರೆಯ ಈ ತುದಿಯಿಂದ ಆ ತುದಿಗೆ ದಾರಿಯಾಗುತ್ತದೆ. ಅಲ್ಲಿಯವರೆಗೆ ಏನೂ ಇಲ್ಲ, ಆ ಮಿತಿ ದಾಟಿದೊಡನೆ ಥಟ್ಟನೆ ವಿದ್ಯುತ್ತು ಹರಿಯಲಾರಂಭಿಸುತ್ತದೆ.

ಕೈ ಕೈ ತಾಗುವುದಕ್ಕಿಂತ ಕೈ ಹಿಡಿದುಕೊಂಡರೆ ಇನ್ನೂ ಉತ್ತಮ. ಅಂದರೆ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳಬೇಕು. ಇಲ್ಲಿ ಒಂದು ತೊಡಕಿದೆ. ಬೆಳ್ಳಿ ಕರಗಬೇಕಾದರೆ ಸುಮಾರು 962 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಕಾಗದವಾದರೋ ಇನ್ನೂರು ಡಿಗ್ರಿಯ ಆಸುಪಾಸಿನಲ್ಲೇ ಕಂದಿ ಹಾಳಾಗುತ್ತದೆ. ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉತ್ತರವೇ ನ್ಯಾನೋ ಕಣ. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ಒಂದು ನ್ಯಾನೋಮೀಟರ್. ಕೆಲವು ಹತ್ತು ನ್ಯಾನೋಮೀಟರ್ ಗಾತ್ರದ ಬೆಳ್ಳಿಯ ಕಣದಲ್ಲಿ ಹೊರಮೈಯಲ್ಲಿರುವ ಪರಮಾಣುಗಳ ಪಾಲು ಹೆಚ್ಚು. ಹೊರಗಿನವಕ್ಕೆ ಒಳಗಿನವುಗಳಷ್ಟು ಬಿಗಿಯಾದ ಹಿಡಿತವಿಲ್ಲದ ಕಾರಣ ಅವು ಸುಲಭವಾಗಿ ಸರಿದಾಡಿ ಪಕ್ಕದ ಕಣದೊಡನೆ ಬೆಸೆದುಕೊಳ್ಳುತ್ತವೆ. ಹೀಗಾಗಿ ಕರಗದೆಯೇ, 100ರಿಂದ 150 ಡಿಗ್ರಿಯ ಬಿಸಿಯಲ್ಲೇ ಗೆರೆ ಗಟ್ಟಿಯಾಗುತ್ತದೆ. ಇಷ್ಟು ಬಿಸಿಯನ್ನು ಒಳ್ಳೆಯ ಕಾಗದ ತಡೆದುಕೊಳ್ಳಬಲ್ಲದು.

ಕೆತ್ತನೆಯೋ, ರಂಗೋಲಿಯೋ?

ರೇಡಿಯೋ, ಟಿ.ವಿ. ಬಿಚ್ಚಿದಾಗ ಕಾಣುವ ಹಸಿರು ಹಲಗೆಯನ್ನು ನೋಡದವರಿಲ್ಲ. ಗಾಜಿನ ನಾರು ಮತ್ತು ರಾಳದಿಂದ ಮಾಡಿದ ಹಲಗೆಯ ಇಡೀ ಮೈಗೆ ತಾಮ್ರದ ಹಾಳೆ ಅಂಟಿಸಿ, ಬೇಕಾದ ಗೆರೆಗಳನ್ನು ಮಾತ್ರ ಉಳಿಸಿ, ಮಿಕ್ಕ ತಾಮ್ರವನ್ನೆಲ್ಲ ರಾಸಾಯನಿಕದಲ್ಲಿ ಕರಗಿಸಿ ತೆಗೆಯುವುದು ಅದರ ಪದ್ಧತಿ. ಇದು ಕಲ್ಲು ಕೆತ್ತಿದಂತೆ. ಬೇಡದ್ದನ್ನು ತೆಗೆದುಹಾಕುವ ಕೆಲಸ. ಶಾಯಿಯ ಪದ್ಧತಿ ಅಂಗಳದಲ್ಲಿ ರಂಗೋಲಿ ಇಟ್ಟಂತೆ. ಎಲ್ಲಿ ಬೇಕೋ ಅಲ್ಲಿಗಷ್ಟೇ ಪುಡಿ ಬೀಳುತ್ತದೆ. ತೊಳೆದು ಚೆಲ್ಲಬೇಕಾದ ತಾಮ್ರದ ನೀರು ಇಲ್ಲ.

ಯೋಚನೆ ಹೊಸದೇನಲ್ಲ. 1903ರಲ್ಲೇ ಜರ್ಮನಿಯ ಆಲ್ಬರ್ಟ್ ಹ್ಯಾನ್ಸನ್ ಮೇಣದ ಕಾಗದದ ಮೇಲೆ ಲೋಹದ ತೆಳುಪಟ್ಟಿಗಳನ್ನು ಅಂಟಿಸುವ ವಿಧಾನಕ್ಕೆ ಪೇಟೆಂಟ್ ಕೋರಿದ್ದರು. 1925ರಲ್ಲಿ ಅಮೆರಿಕದ ಚಾರ್ಲ್ಸ್ ಡ್ಯೂಕಾಸ್ ಕೊರೆದ ಅಚ್ಚಿನ ಮೂಲಕ ವಾಹಕ ಶಾಯಿ ಹಚ್ಚುವ ಉಪಾಯ ಸೂಚಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಗುರಿಯ ಸಮೀಪ ಬಂದಾಗ ತಾನಾಗಿ ಸಿಡಿಯುವ ಶೆಲ್ಲುಗಳ ಒಳಗಿನ ಪುಟ್ಟ ರೇಡಿಯೋ ಮಂಡಲಕ್ಕಾಗಿ ಪಿಂಗಾಣಿ ತುಂಡಿನ ಮೇಲೆ ಬೆಳ್ಳಿ ಶಾಯಿಯ ಮುದ್ರಣವನ್ನು ಬೆಳೆಸಿದರು. ಆದರೆ ಯುದ್ಧದ ನಂತರ ಆಸ್ಟ್ರಿಯಾ ಮೂಲದ ಪಾಲ್ ಐಸ್ಲರ್ ರೂಪಿಸಿದ ತಾಮ್ರ ಕರಗಿಸುವ ಪದ್ಧತಿಯೇ ಜಗತ್ತಿನಲ್ಲೆಲ್ಲ ನೆಲೆಯೂರಿತು. ಶಾಯಿ ಹಿಂದೆ ಸರಿಯಿತು.

ಪೆನ್ನಿಗೆ ಬಂದ ಬೆಳ್ಳಿ

ಅದು ಮತ್ತೆ ಮುನ್ನೆಲೆಗೆ ಬಂದದ್ದು ಈ ಶತಮಾನದಲ್ಲಿ. 2011ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ರೊ. ಜೆನ್ನಿಫರ್ ಲೂಯಿಸ್ ಅವರ ತಂಡ ಸಾಧಾರಣ ರೋಲರ್‌ಬಾಲ್ ಪೆನ್ನಿಗೆ ಬೆಳ್ಳಿ ಶಾಯಿ ತುಂಬಿ ಕಾಗದದ ಮೇಲೆ ವಿದ್ಯುತ್ ಮಂಡಲ ಬರೆದು ತೋರಿಸಿತು. ಕೊರಿಯಾದ ಹತ್ತೊಂಬತ್ತನೇ ಶತಮಾನದ ಕಲಾವಿದ ಕಿಮ್ ಜಂಗ್-ಹೀ ಅವರ 'ಸೆಹಾಂಡೊ' ಎಂಬ ಪ್ರಸಿದ್ಧ ಚಿತ್ರವನ್ನು ಆ ಪೆನ್ನಿನಿಂದಲೇ ನಕಲು ಮಾಡಿ, ಚಿತ್ರದ ಮನೆಯ ಮಾಡಿನ ಮೇಲೆ ಪುಟ್ಟ ಎಲ್‌ಇಡಿ ದೀಪ ಕೂರಿಸಿದರು. ಕಾಗದದ ಅಂಚಿಗೆ ಬ್ಯಾಟರಿ ಹಿಡಿದರೆ ದೀಪ ಬೆಳಗಿತು. ಚಿತ್ರದ ಗೆರೆಯೇ ತಂತಿಯಾಗಿತ್ತು.

2012ರಲ್ಲಿ ಅದೇ ಪ್ರಯೋಗಾಲಯ ಇನ್ನೊಂದು ಹೆಜ್ಜೆ ಇಟ್ಟಿತು. ಬೆಳ್ಳಿಯ ಪುಡಿಯೇ ಇಲ್ಲದ, ನೀರಿನಂತೆ ತಿಳಿಯಾದ ಶಾಯಿ. ಬೆಳ್ಳಿಯ ಲವಣವನ್ನು ಅಮೋನಿಯಾದಲ್ಲಿ ಕರಗಿಸಿ ಫಾರ್ಮಿಕ್ ಆಮ್ಲ ಸೇರಿಸಿದ್ದರು. ಬರೆದ ಮೇಲೆ ಅಮೋನಿಯಾ ಆವಿಯಾಗಿ ಗೆರೆಯ ಜಾಗದಲ್ಲೇ ಬೆಳ್ಳಿ ಹುಟ್ಟುತ್ತದೆ. 90 ಡಿಗ್ರಿಯಲ್ಲಿ ಕಾಯಿಸಿದರೆ ಅದು ಗಟ್ಟಿ ಬೆಳ್ಳಿಗೆ ಸಮಾನವಾಗಿ ವಿದ್ಯುತ್ತು ಹರಿಸಿತು. ಶಾಲೆಯ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಕೆಯ ಒಳಗೆ ಬೆಳ್ಳಿಯ ಕನ್ನಡಿ ಮೂಡಿಸಿದವರಿಗೆ ಈ ರಸಾಯನಶಾಸ್ತ್ರದ ಪರಿಚಯ ಇದ್ದೇ ಇರುತ್ತದೆ.

2013ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಯೋಶಿಹಿರೋ ಕವಹರಾ ಮತ್ತು ಸಂಗಡಿಗರು ಅಂಗಡಿಯಲ್ಲಿ ಸಿಗುವ ಇಂಕ್‌ಜೆಟ್ ಪ್ರಿಂಟರಿನ ಡಬ್ಬಿಗೆ ಬೆಳ್ಳಿಯ ನ್ಯಾನೋ ಶಾಯಿ ತುಂಬಿ ಮಂಡಲಗಳನ್ನು ಅಚ್ಚು ಹಾಕಿದರು. ಇಲ್ಲಿ ಕಾಯಿಸುವ ಕೆಲಸವೂ ಇರಲಿಲ್ಲ. ಹಾಳೆಯ ಮೇಲಿನ ಲೇಪದ ರಾಸಾಯನಿಕವೇ ಕಣಗಳ ಹೊದಿಕೆಯನ್ನು ಕಳಚಿ ಅವು ಕೂಡಿಕೊಳ್ಳುವಂತೆ ಮಾಡುತ್ತದೆ. ಅಚ್ಚಾದ ಕೆಲವೇ ಕ್ಷಣಗಳಲ್ಲಿ ಹಾಳೆ ಬಳಕೆಗೆ ಸಿದ್ಧ.

ನಮ್ಮ ಬೆರಳಿನ ಮೇಲಿನ ಬೆಳ್ಳಿ

ಕನ್ನಡಿಗರಾದ ನಮಗೆ ಬೆಳ್ಳಿಯ ಶಾಯಿ ಹೊಸತಲ್ಲ. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಮತ ಹಾಕಿದವರ ಎಡಗೈ ತೋರುಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಸ್ಥಾಪನೆಯಾಗಿ ಇಂದು ಮೈಸೂರು ಪೇಂಟ್ಸ್ ಆಂಡ್ ವಾರ್ನಿಷ್ ಲಿಮಿಟೆಡ್ ಎಂಬ ಹೆಸರಿನಲ್ಲಿರುವ ಕರ್ನಾಟಕ ಸರಕಾರದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಇದನ್ನು ಪೂರೈಸುತ್ತ ಬಂದಿದೆ. ಅದರ ಜೀವಾಳ ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಲವಣ. ಚರ್ಮಕ್ಕೆ ತಾಗಿ ಬೆಳಕು ಬಿದ್ದಾಗ ಅದರಿಂದ ಬೆಳ್ಳಿಯ ಅತಿ ಸೂಕ್ಷ್ಮ ಕಣಗಳು ಉಂಟಾಗಿ ಗುರುತು ಕಪ್ಪಾಗುತ್ತದೆ. ಆ ಗುರುತಿನಲ್ಲಿ ವಿದ್ಯುತ್ತು ಹರಿಯುವುದಿಲ್ಲವೇಕೆಂದರೆ ಕಣಗಳು ದೂರ ದೂರ ಇವೆ. ಬಸ್ಸು ಖಾಲಿ ಇದೆ ಎನ್ನಬಹುದು. ಒಂದೇ ಲೋಹ, ಒಂದು ಕಡೆ ಪ್ರಜಾಪ್ರಭುತ್ವದ ಮುದ್ರೆ, ಇನ್ನೊಂದು ಕಡೆ ವಿದ್ಯುತ್ತಿನ ದಾರಿ.

ಬೆಂಗಳೂರಿನಲ್ಲೂ ಈ ದಿಸೆಯಲ್ಲಿ ಗಮನಾರ್ಹ ಕೆಲಸ ನಡೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಜಿ. ಯು. ಕುಲಕರ್ಣಿ ಅವರ ತಂಡ ಕೆರೆಯ ಕೆಸರು ಒಣಗಿದಾಗ ಬೀಳುವಂಥ ಬಿರುಕುಗಳನ್ನೇ ಅಚ್ಚಾಗಿ ಬಳಸಿಕೊಂಡಿತು. ತೆಳುವಾದ ಲೇಪವನ್ನು ಒಣಗಿಸಿ, ಅದರ ಬಿರುಕುಗಳಲ್ಲಿ ಲೋಹ ತುಂಬಿ, ಮಿಕ್ಕ ಲೇಪವನ್ನು ತೊಳೆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಬಲೆ ಉಳಿಯುತ್ತದೆ. ಹೀಗೆ ಪಾರದರ್ಶಕವೂ ವಿದ್ಯುತ್ ವಾಹಕವೂ ಆದ ಹಾಳೆ ಸಿದ್ಧವಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ನವಕಾಂತ ಭಟ್ ಜೈವಿಕ ಸಂವೇದಕಗಳ ಸಂಶೋಧನೆಗಾಗಿ 2018ರ ಇನ್ಫೋಸಿಸ್ ಪ್ರಶಸ್ತಿಗೆ ಪಾತ್ರರಾದವರು. ಅವರು ಸಹ ಸಂಸ್ಥಾಪಕರಾಗಿರುವ ಪಾಥ್‌ಶೋಧ್ ಎಂಬ ಸಂಸ್ಥೆ, ಮಧುಮೇಹಕ್ಕೆ ಸಂಬಂಧಿಸಿದ ಹಲವು ಪರೀಕ್ಷೆಗಳನ್ನು ಒಂದೇ ಕೈಯಂತ್ರದಲ್ಲಿ, ಪಟ್ಟಿಗಳ ಮೂಲಕ ಮಾಡುವ ಸಾಧನವನ್ನು ರೂಪಿಸಿದೆ. ಉತ್ತರದ ಐಐಟಿ ಕಾನ್ಪುರದಲ್ಲಿ ಬಾಗುವ ಎಲೆಕ್ಟ್ರಾನಿಕ್ಸ್‌ಗೆಂದೇ ರಾಷ್ಟ್ರೀಯ ಕೇಂದ್ರವೊಂದಿದೆ.

ಕಾಗದವೇ ಏಕೆ?

ಕಾಗದ ಅಗ್ಗ, ಹಗುರ, ಮಣ್ಣಿನಲ್ಲಿ ಕರಗುತ್ತದೆ, ಸುಟ್ಟರೆ ಬೂದಿಯಾಗುತ್ತದೆ. ದ್ರವವನ್ನು ಪಂಪಿನ ಸಹಾಯವಿಲ್ಲದೆ ತಾನೇ ಎಳೆದುಕೊಳ್ಳುತ್ತದೆ. ಈ ಗುಣವನ್ನು ಗಮನಿಸಿದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರೊ. ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ 2007ರಲ್ಲಿ ಅಂಚೆಚೀಟಿಯಷ್ಟು ಕಾಗದದ ಮೇಲೆ ರೋಗಪರೀಕ್ಷೆ ಮಾಡಬಹುದೆಂದು ತೋರಿಸಿತು. ಪ್ರಯೋಗಾಲಯಗಳಿಲ್ಲದ ಬಡ ದೇಶಗಳ ಹಳ್ಳಿಗಳೇ ಅವರ ಕಣ್ಣ ಮುಂದಿದ್ದವು. 2009ರಲ್ಲಿ ಥಾಯ್ಲೆಂಡ್ ಮತ್ತು ಅಮೆರಿಕದ ಸಂಶೋಧಕರು ಅಂಥ ಕಾಗದದ ಮೇಲೆ ಸ್ಕ್ರೀನ್ ಮುದ್ರಣದಿಂದ ವಿದ್ಯುತ್ ಗೆರೆಗಳನ್ನು ಹಾಕಿ ಗ್ಲೂಕೋಸ್, ಲ್ಯಾಕ್ಟೇಟ್ ಹಾಗೂ ಯೂರಿಕ್ ಆಮ್ಲ ಮೂರನ್ನೂ ಒಂದೇ ತುಂಡಿನಲ್ಲಿ ಅಳೆದರು. ನಮ್ಮ ಶಿಬಿರದ ಸಾಲಿನಲ್ಲಿ ನಿಂತವರಿಗೂ ಈ ಸಂಶೋಧನೆಗೂ ಇರುವ ನಂಟು ಇದೇ. ಪಟ್ಟಿ ಎಷ್ಟು ಅಗ್ಗವೋ ಸಾಲಿನಲ್ಲಿ ಅಷ್ಟು ಹೆಚ್ಚು ಜನರಿಗೆ ಪರೀಕ್ಷೆ.

ಇಷ್ಟೆಲ್ಲ ಹೇಳಿದ ಮೇಲೆ ಇತಿಮಿತಿಗಳನ್ನೂ ಹೇಳಬೇಕು. ಕಾಗದ ತೇವ ಹೀರುತ್ತದೆ. ನಮ್ಮ ಮುಂಬಯಿಯ ಮಳೆಗಾಲದಲ್ಲಿ ಹಪ್ಪಳ ಮೆತ್ತಗಾದಂತೆ ಅದೂ ಮೆತ್ತಗಾಗುತ್ತದೆ. ಅದರ ನಾರುಗಳ ನಡುವೆ ಶಾಯಿ ಇಂಗಿ ಗೆರೆ ಕಡಿಯುವುದುಂಟು. ಆದ್ದರಿಂದ ಲೇಪವಿರುವ ನುಣುಪು ಕಾಗದವೇ ಬೇಕಾಗುತ್ತದೆ. ಬಲವಾಗಿ ಮಡಚಿದ ಕಡೆ ಗೆರೆಯಲ್ಲಿ ಬಿರುಕು ಬೀಳಬಹುದು. ಬಿಡಿಭಾಗಗಳನ್ನು ಸಾಮಾನ್ಯ ರೀತಿಯಲ್ಲಿ ಸೋಲ್ಡರ್ ಮಾಡಲು ಹೋದರೆ ಕಾಗದ ಸುಡುತ್ತದೆ, ವಾಹಕ ಅಂಟಿನಿಂದಲೇ ಕೂರಿಸಬೇಕು. ಅಚ್ಚಾದ ಬೆಳ್ಳಿಗೆರೆ ಸಾಮಾನ್ಯವಾಗಿ ಗಟ್ಟಿ ಬೆಳ್ಳಿಯಷ್ಟು ಚೆನ್ನಾಗಿ ವಿದ್ಯುತ್ತು ಹರಿಸುವುದಿಲ್ಲ. ಕಂಪ್ಯೂಟರಿನ ಮೆದುಳಾದ ಚಿಪ್ಪನ್ನು ಇದರಿಂದ ತಯಾರಿಸಲಾಗದು, ಅದನ್ನು ಬೇರೆಡೆಯಿಂದ ತಂದು ಅಂಟಿಸಬೇಕಷ್ಟೆ.

ಎಲ್ಲಕ್ಕಿಂತ ದೊಡ್ಡ ತೊಡಕು ಬೆಳ್ಳಿಯ ಬೆಲೆ. ಚಿನಿವಾರದ ಅಂಗಡಿಗೆ ಹೋಗುವ ನಮ್ಮ ಮಹಿಳೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಾಮ್ರ ಹೆಚ್ಚುಕಡಿಮೆ ಬೆಳ್ಳಿಯಷ್ಟು ಸಮರ್ಥ ವಾಹಕ, ಬೆಲೆಯೂ ಅತ್ಯಂತ ಕಡಿಮೆ. ಆದರೆ ದೇವರ ಮನೆಯ ತಾಮ್ರದ ಚೊಂಬು ಎರಡು ದಿನ ಬೆಳಗದಿದ್ದರೆ ಕಪ್ಪಾಗುವಂತೆ ತಾಮ್ರದ ಸಣ್ಣ ಕಣಗಳು ಗಾಳಿಗೆ ಬೇಗನೆ ಕಿಲುಬು ಹಿಡಿಯುತ್ತವೆ. ಆ ಪದರ ವಿದ್ಯುತ್ತನ್ನು ತಡೆಯುತ್ತದೆ. ಅಮೆರಿಕದ ಟೆಕ್ಸಾಸ್‌ನ ನೋವಾಸೆಂಟ್ರಿಕ್ಸ್ ಎಂಬ ಕಂಪೆನಿ ಇದಕ್ಕೊಂದು ಜಾಣ ಉಪಾಯ ಮಾಡಿತು. ಮೊದಲೇ ಆಕ್ಸೈಡ್ ಆಗಿರುವ ತಾಮ್ರದ ಶಾಯಿಯನ್ನು ಅಚ್ಚು ಹಾಕಿ, ಕ್ಯಾಮರಾ ಫ್ಲಾಶಿನಂಥ, ಆದರೆ ಬಹಳ ಪ್ರಬಲವಾದ ಬೆಳಕನ್ನು ಕ್ಷಣಾರ್ಧಕ್ಕಿಂತಲೂ ಕಡಿಮೆ ಹೊತ್ತು ಬಿಡುವುದು. ಶಾಯಿ ಬಿಸಿಯೇರಿ ಅಲ್ಲೇ ಶುದ್ಧ ತಾಮ್ರವಾಗುತ್ತದೆ. ಅಡಿಯ ಕಾಗದಕ್ಕೆ ಬಿಸಿ ತಟ್ಟುವ ಮೊದಲೇ ಬೆಳಕು ಆರಿರುತ್ತದೆ.

ಸಂಘಗಳು ಏನು ಮಾಡಬಹುದು?

ಲೇಖನದ ಕರಡು ಹಿಡಿದು ಆ ಹಿರಿಯ ಮುದ್ರಕರ ಮನೆಗೆ ಹೋಗಿದ್ದೆ. ವಾಟ್ಸ್‌ಆಪಿನಲ್ಲೇ ಮದುವೆಯ ಕರೆಯೋಲೆ ಹೋಗುವ ಈ ದಿನಗಳಲ್ಲಿ ಅವರು ಅಂಗಡಿ ಮುಚ್ಚಿದ್ದಾರೆ. ಫ್ರೇಮುಗಳು ಅಟ್ಟದಲ್ಲಿವೆ. "ಹಾಗಾದರೆ ನಾನು ಪಟ್ಟಿ ಹೊಡೆದು ಕೊಡಲೇ?" ಎಂದು ತಮಾಷೆ ಮಾಡಿದರು. ರೋಗಪರೀಕ್ಷೆಯ ಪಟ್ಟಿ ಮನೆಯಲ್ಲಿ ಮಾಡುವ ವಸ್ತುವಲ್ಲ. ಸ್ವಚ್ಛ ಕೊಠಡಿ, ಕಿಣ್ವದ ನಿಖರ ಪ್ರಮಾಣ, ಸರಕಾರದ ಪರವಾನಗಿ ಎಲ್ಲ ಬೇಕು. ಒಂದು ಪಟ್ಟಿಗೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಾದರೂ ರೋಗಿಯ ಔಷಧದ ಪ್ರಮಾಣ ತಪ್ಪುತ್ತದೆ. ಆದರೆ ಬಟ್ಟೆಯ ಕಣ್ಣು ಎಷ್ಟು ಸಣ್ಣದಿರಬೇಕು, ಸ್ಕ್ವೀಜಿಯನ್ನು ಎಷ್ಟು ಓರೆ ಹಿಡಿಯಬೇಕು, ಶಾಯಿ ಎಷ್ಟು ದಪ್ಪ ಇರಬೇಕು ಎಂಬ ಅವರ ಕೈಯ ತಿಳಿವಳಿಕೆ ಈ ಉದ್ಯಮಕ್ಕೂ ಬೇಕಾದದ್ದೇ. ಆ ವಿದ್ಯೆ ಮುಂದಿನವರಿಗೆ ಸಿಗದೆ ಅಟ್ಟದಲ್ಲೇ ಉಳಿದರೆ ಅದು ನಷ್ಟವೇ ಸರಿ.

ನಮ್ಮ ಸಂಘಗಳು ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿ ವೇತನಗಳನ್ನು ತಪ್ಪದೆ ನಡೆಸಿಕೊಂಡು ಬಂದಿವೆ. ಅವುಗಳಲ್ಲಿ ಮುದ್ರಣ ತಂತ್ರಜ್ಞಾನ, ರಸಾಯನಶಾಸ್ತ್ರ ಓದುವ ಮಕ್ಕಳನ್ನೂ ನೆನೆಯಬಹುದು. ಭಾನುವಾರದ ಕನ್ನಡ ತರಗತಿಯಲ್ಲಿ ಒಂದು ಗಂಟೆ ಹೀಗೂ ಕಳೆಯಬಹುದು. ಕಚೇರಿಯಲ್ಲಿ ಕೆಟ್ಟು ಬಿದ್ದಿರುವ ಕೀಲಿಮಣೆಯನ್ನು ಬಿಚ್ಚಿ ಅದರ ಬೆಳ್ಳಿಗೆರೆಗಳನ್ನು ಮಕ್ಕಳಿಗೆ ತೋರಿಸಿ. 6ಬಿ ಪೆನ್ಸಿಲಿನಿಂದ ಕಾಗದದ ಮೇಲೆ ದಪ್ಪನೆಯ, ಗಿಡ್ಡನೆಯ ಎರಡು ಗೆರೆಗಳನ್ನು ಒತ್ತಿ ತೀಡಿಸಿ, ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ 9 ವೋಲ್ಟಿನ ಬ್ಯಾಟರಿ ಹಿಡಿಸಿ. ದೀಪ ಮಂಕಾಗಿಯಾದರೂ ಹೊತ್ತುತ್ತದೆ. ಹೊತ್ತದಿದ್ದರೆ ಎಲ್‌ಇಡಿಯ ಕಾಲುಗಳನ್ನು ಅದಲುಬದಲು ಮಾಡಿ. ಪೆನ್ಸಿಲಿನ ಗ್ರಾಫೈಟ್ ಕೂಡ ವಾಹಕವೇ. ಲೋಹದ ಶಾಯಿಯ ಮುಂದೆ ಅದು ಬಡವ, ಆದರೆ ಪಾಠ ಕಲಿಸಲು ಸಾಕು.

ಇನ್ನು ಶಿಬಿರದ ವಿಷಯ. ಮರಳಿ ಹೋದವರ ಹೆಸರು, ದೂರವಾಣಿ ಸಂಖ್ಯೆಗಳನ್ನು ಬರೆದಿಟ್ಟುಕೊಂಡಿದ್ದೆವು. ಮುಂದಿನ ತಿಂಗಳು ಕೋಶಾಧಿಕಾರಿಗಳು ಎರಡು ಪಟ್ಟು ಡಬ್ಬಿ ತರಿಸಿದರು. ಒಂದು ಡಬ್ಬಿಯ ಖರ್ಚನ್ನು ಹಿರಿಯ ಮುದ್ರಕರೇ ಕೊಟ್ಟರು. ಕ್ಯಾಂಟೀನ್ ಕಾರ್ಮಿಕರನ್ನು ಎರಡು ಸಲ ಫೋನ್ ಮಾಡಿ ಕರೆಸಿದೆವು. ಅವರ ಸಕ್ಕರೆಯ ಪ್ರಮಾಣ ಬಹಳ ಹೆಚ್ಚಿತ್ತು, ಅವರಿಗೆ ಅದರ ಅರಿವೇ ಇರಲಿಲ್ಲ. ಅದೇ ದಿನ ವೈದ್ಯರು ಔಷಧ ಬರೆದುಕೊಟ್ಟರು, ಈಗ ಚಿಕಿತ್ಸೆ ಪಡೆಯುತ್ತಿದ್ದಾರೆ. ಶಿಬಿರ ಏರ್ಪಡಿಸುವ ಸಂಘಗಳಿಗೆ ಇಷ್ಟೇ ವಿನಂತಿ: ವೇದಿಕೆ, ಬ್ಯಾನರ್, ಹಾರ ತುರಾಯಿಗಳ ಪಟ್ಟಿ ಮಾಡುವ ಮೊದಲು ಪರೀಕ್ಷಾ ಪಟ್ಟಿಗಳನ್ನು ಎಣಿಸಿ ಇಟ್ಟುಕೊಳ್ಳಿ.